ಬೆಂಡೆಕಾಯಿ ಹೂವಿನ ಕ್ಯಾಸೆಟ್ಟು

ಹೋದ ತಿಂಗಳು ಮಗಳು ಶೆರಿಲ್ ಒಂದು ರೆಕಾರ್ಡು ಕೊಂಡು ತಂದಳು. ಚಾದ ಬಸಿಗಿಂತ ತುಸು ದೊಡ್ಡದು, ಕರಿ ಬಣ್ಣದ್ದು. ಅದರ ಹೊದಿಕೆಯಂತೂ ದೇವರಿಗೇ ಪ್ರೀತಿ. ಫೋಟೋಕಾಪಿ ತೆಗೆದ ಕಾಗದವನ್ನು ಮಡಚಿ ಮಾಡಿದ್ದು. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿವೆ, ನಡುವೆ ಮಸಿ ಚೆಲ್ಲಿದಂಥ ಒಂದು ಮುಖ. ಇಂಥ ಕಾಗದಕ್ಕೆ ಮೇಲಿನಿಂದ ಪ್ಲಾಸ್ಟಿಕ್ ಲಕೋಟೆ ಬೇರೆ. ಬಂಗುಡೆ ತೊಳೆಯುತ್ತಿದ್ದ ನಾನು ಕೈ ಚಾಚಿದ್ದೇ ತಡ, "ಮಮ್ಮಾ, ಸೋಪು ಹಾಕಿ ಕೈ ತೊಳೆದು ಬಾ" ಎಂದಳು.

ಅವಳು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ. ನಾನು ನಿಮಗೆ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಕೈ ತೊಳೆದು ಬಂದ ನನ್ನನ್ನು ಕೂರಿಸಿಕೊಂಡು ಅವಳು ಪಂಕ್ ಸಂಗೀತ ಎಂದರೇನು ಎಂದು ಪಾಠ ಮಾಡಿದಳು. ಎಪ್ಪತ್ತರ ದಶಕದ ಲಂಡನ್ನಿನಲ್ಲಿ ಕೆಲಸವಿಲ್ಲದ ಹುಡುಗರಂತೆ. ಗಿಟಾರಿನಲ್ಲಿ ಬೆರಳಿಡುವ ಮೂರು ಜಾಗ ಗೊತ್ತಿದ್ದರೆ ಸಾಕು, ಬ್ಯಾಂಡ್ ಕಟ್ಟುತ್ತಿದ್ದರಂತೆ. ದೊಡ್ಡ ಕಂಪನಿಗಳು ಇವರನ್ನು ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲವಂತೆ. ಆಗ ಇವರು ಯಾರದೋ ಗ್ಯಾರೇಜಿನಲ್ಲಿ ಹಾಡಿ, ಸಣ್ಣ ಕಾರ್ಖಾನೆಯೊಂದರಲ್ಲಿ ಒಂದಿಷ್ಟು ರೆಕಾರ್ಡು ಒತ್ತಿಸಿ, ಅಡುಗೆಮನೆಯ ಮೇಜಿನ ಮೇಲೆ ಕೂತು ಕವರು ಮಡಚಿ ಅಂಟಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ ಮಾರಿದರಂತೆ. "ಎಲ್ಲ ಅವರೇ ಮಾಡಿದ್ದು, ಮಮ್ಮಾ. ಯೋಚನೆ ಮಾಡು."

ನಾನು ಯೋಚನೆ ಮಾಡಿದೆ. "ನಾವೂ ಮಾಡಿದ್ದೇವೆ" ಎಂದೆ.

ಅವಳು ನಕ್ಕಳು. ನಗುವುದು ಸಹಜವೇ. ನಾವಿರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ, ಇಂಗ್ಲೆಂಡ್ ಕ್ಲಸ್ಟರ್ ಎಂದು ಹೆಸರಿಟ್ಟ ಕಟ್ಟಡಗಳ ಗುಂಪಿನಲ್ಲಿ. ಇಂಗ್ಲೆಂಡಿಗೂ ನನಗೂ ಇರುವ ಸಂಬಂಧ ಅಷ್ಟೇ ಎಂದು ಅವಳು ನಂಬಿದ್ದಾಳೆ. ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು "ಪ್ಲೀಸ್ ಟೇಕ್ ಯುವರ್ ಟೋಕನ್" ಎನ್ನುವ, ಚರ್ಚಿನ ಕೊಯರಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ, ಮಂಡಿನೋವಿನ ಹೆಂಗಸು ನಾನು. ಅಷ್ಟರಲ್ಲಿ ಒಳಗಿನಿಂದ ನನ್ನ ಗಂಡ ಎಲಿಯಾಸ್, "ನಿನ್ನ ಆ ಬೊಬ್ಬೆ ಕ್ಯಾಸೆಟ್ಟಿನ ವಿಷಯವಾ?" ಎಂದು ಕೇಳಿದರು. ಶೆರಿಲ್ ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಹಾಗಾಗಿ ಹೇಳಲೇಬೇಕಾಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಇಲ್ಲಿನ ದೇರಾ ಪೇಟೆಯ ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಕಿನ್ನಿಗೋಳಿಯಿಂದ ಬಂದ ಹೊಸ ಹುಡುಗಿ. ಕೆಲಸಕ್ಕೆಂದೇ ಒಂದು ಸ್ವರ ಕಲಿಸಿದ್ದರು. ಜೇನಿನಲ್ಲಿ ಅದ್ದಿ ತೆಗೆದಂಥ ಸ್ವರ. ಇಡೀ ದಿನ ಆ ಸ್ವರದಲ್ಲಿ "ಸಾರಿ ಸರ್, ಹೀ ಈಸ್ ನಾಟ್ ಇನ್ ಹಿಸ್ ರೂಮ್" ಎನ್ನುವುದು. ರೂಮಿನಲ್ಲಿ ಇದ್ದವರನ್ನೂ ಇಲ್ಲ ಎನ್ನಬೇಕು, ಅವರು ಹಾಗೆ ಹೇಳಿಟ್ಟಿದ್ದರೆ. ಕೆಲಸ ಮುಗಿಸಿ ಹೊರಡುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುತ್ತಿತ್ತು.

ಅದೇ ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದವನು ಬೋನಿ. ಬೋನಾವೆಂಚರ್ ಎಂಬ ಉದ್ದದ ಹೆಸರಿನ, ಉದ್ದದ ಕೈಕಾಲಿನ ಹುಡುಗ. ಊರು ಮೂಡುಬೆಳ್ಳೆ. ಅವನ ಹತ್ತಿರ ಒಂದು ಹಳೆಯ ಗಿಟಾರ್ ಇತ್ತು. ನಮ್ಮವರ ಮದುವೆಗಳಲ್ಲಿ ಬಾರಿಸಿ ಅಭ್ಯಾಸ. ಒಂದು ದಿನ ಅತಿಥಿಯೊಬ್ಬರು ಬಿಟ್ಟುಹೋದ ಒಂದು ಸಣ್ಣ ರೆಕಾರ್ಡು ಅವನ ಕೈಗೆ ಬಂತು. ಯಾರೂ ಕೇಳಿಕೊಂಡು ಬಾರದ ಸಾಮಾನನ್ನು ಹೋಟೆಲಿನವರು ಕೆಲಸದವರಿಗೇ ಹಂಚಿಬಿಡುತ್ತಿದ್ದರು. ಬೇರೆಯವರಿಗೆ ಛತ್ರಿ, ಚಪ್ಪಲಿ, ಸೆಂಟಿನ ಬಾಟಲಿ ಸಿಕ್ಕಿತು. ಬೋನಿಗೆ ಇದು. ಕವರು ಮಗಳು ತಂದಂಥದ್ದೇ, ಮಕ್ಕಳು ಪೇಪರು ಕತ್ತರಿಸಿ ಮಾಡಿದ ಹಾಗೆ.

ಕೇಳುವುದು ಹೇಗೆ? ನಮ್ಮಲ್ಲಿ ರೆಕಾರ್ಡ್ ಪ್ಲೇಯರ್ ಇರಲಿಲ್ಲ. ಹತ್ತಿರದ ನೈಫ್ ಎಂಬ ಪೇಟೆಯ ಗಲ್ಲಿಯೊಂದರಲ್ಲಿ ರೇಡಿಯೋ ರಿಪೇರಿಯವನ ಅಂಗಡಿಗೆ ಹೋಗಿ ಹಾಕಿಸಿದೆವು. ಆತ ಅರ್ಧ ನಿಮಿಷ ಕೇಳಿ, ಮುಳ್ಳು ಹಾಳಾಗಿದೆ ಎಂದು ಹೊಸ ಮುಳ್ಳು ಹಾಕಿದ. ಆಗಲೂ ಹಾಗೆಯೇ ಕೇಳಿಸಿತು. "ಹಾಡುವವನೇ ಹಾಳಾಗಿದ್ದಾನೆ" ಎಂದು ಹಿಂದಿಯಲ್ಲಿ ಹೇಳಿ ರೆಕಾರ್ಡು ವಾಪಸು ಕೊಟ್ಟ. ಬೋನಿ ಮಾತ್ರ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. ಕೊನೆಗೆ ಹೇಳಿದ: "ಗ್ಲಾಡಿಸ್, ಇವರಿಗೆ ಏನೂ ಬರುವುದಿಲ್ಲ ಮಾರಾಯ್ತಿ. ಆದರೂ ಮಾಡಿದ್ದಾರೆ. ನಮಗೂ ಏನೂ ಬರುವುದಿಲ್ಲ ಅಲ್ವಾ?"

ಇಷ್ಟು ಒಳ್ಳೆಯ ಆಹ್ವಾನ ನನಗೆ ಆಮೇಲೆ ಯಾರಿಂದಲೂ ಬಂದಿಲ್ಲ.

ಮೂರನೆಯವನು ಹಮೀದ್. ಉಳ್ಳಾಲದ ಬ್ಯಾರಿ ಹುಡುಗ, ನೈಫಿನಲ್ಲಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿದ್ದ. ಅವನು ಬಟ್ಟೆ ಅಳೆಯುವಾಗಲೂ ಮರದ ಗಜಕೋಲಿನಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದ. ಬೋನಿ ಲುಂಗಿ ಕೊಳ್ಳಲು ಹೋದವನು ಅದನ್ನು ಕೇಳಿ ಲುಂಗಿ ಮರೆತು ಹಮೀದನನ್ನು ಕರೆದುಕೊಂಡು ಬಂದ.

ಅಂಗಡಿಯ ಹಿಂದೆ ಗೋದಾಮು. ನೆಲದಿಂದ ಮಾಡಿನವರೆಗೆ ಬಟ್ಟೆಯ ಥಾನುಗಳು. ಅಂಥ ಜಾಗದಲ್ಲಿ ನೀವು ಎಷ್ಟು ಕೂಗಿದರೂ ಪಾಲಿಯೆಸ್ಟರು, ಹತ್ತಿ, ವೆಲ್ವೆಟ್ಟು ಎಲ್ಲ ಸೇರಿ ಸದ್ದನ್ನು ಕುಡಿದುಬಿಡುತ್ತವೆ. ಆಗ ಇಲ್ಲಿ ವಾರದ ರಜೆ ಶುಕ್ರವಾರ. ನಮ್ಮ ಪೂಜೆಯೂ ಶುಕ್ರವಾರ ಬೆಳಿಗ್ಗೆ. ನಾವಿಬ್ಬರು ಇಗರ್ಜಿ ಮುಗಿಸಿ, ಹಮೀದ್ ಜುಮ್ಮಾ ನಮಾಜು ಮುಗಿಸಿ ಬರುವ ಹೊತ್ತಿಗೆ ಇಡೀ ನೈಫ್ ಊಟ ಮಾಡಿ ಮಲಗಿರುತ್ತಿತ್ತು. ಮಾವನೂ ಮಲಗಿರುತ್ತಿದ್ದರು. ನಾನು ಪೂಜೆಗೆ ತೊಟ್ಟ ಒಳ್ಳೆಯ ಫ್ರಾಕಿನಲ್ಲೇ ಥಾನುಗಳ ಮೇಲೆ ಹತ್ತಿ ಕೂರುತ್ತಿದ್ದೆ. ಏಸಿಯ ಗುರ್ರ್ ಎನ್ನುವ ಸದ್ದು ರೆಕಾರ್ಡಿಗೆ ಬರುತ್ತದೆಂದು ಅದನ್ನು ಆರಿಸುತ್ತಿದ್ದೆವು. ಜುಲೈ ತಿಂಗಳ ದುಬೈಯಲ್ಲಿ ಏಸಿ ಇಲ್ಲದ ಬಟ್ಟೆಯ ಗೋದಾಮು ಹೇಗಿರುತ್ತದೆ ಎಂದು ಗಲ್ಫಿನಲ್ಲಿ ಇದ್ದವರಿಗೆ ಹೇಳುವುದು ಬೇಡ. ಇಲ್ಲದವರು ಇಡ್ಲಿ ಬೇಯಿಸುವ ಅಟ್ಟದೊಳಗೆ ಕೂತ ಇಡ್ಲಿಯನ್ನು ನೆನೆದರೆ ಸಾಕು.

ಹಮೀದನ ಡ್ರಮ್ಮು ಎಂದರೆ ರೆಕ್ಸಿನ್ನಿನ ಒಂದು ಸೂಟ್‌ಕೇಸು, ತುಪ್ಪದ ಖಾಲಿ ಡಬ್ಬಿ ಮತ್ತು ಒಂದು ಸ್ಟೀಲಿನ ಹರಿವಾಣ. ಬ್ಯಾಂಡಿಗೆ ಹೆಸರು 'ಮಾಫಿ' ಎಂದು ಅವನೇ ಇಟ್ಟ. ಇಲ್ಲಿಯ ಅರಬಿಯಲ್ಲಿ ಮಾಫಿ ಎಂದರೆ 'ಇಲ್ಲ'. ಅಂಗಡಿಯಲ್ಲಿ ಅವನು ದಿನವಿಡೀ ಹೇಳುವ ಮಾತು. ನಾನು ಫೋನಿನಲ್ಲಿ ದಿನವಿಡೀ ಹೇಳುವ ಮಾತೂ ಅದೇ. ಹಿಂದಿಯವರು ಮಾತ್ರ ನಾವು ಯಾರಲ್ಲೋ ಕ್ಷಮೆ ಕೇಳುತ್ತಿದ್ದೇವೆ ಎಂದುಕೊಂಡರು. ನಮ್ಮ ಹಾಡು ಕೇಳಿದ ಮೇಲೆ ಆ ಅರ್ಥವೂ ಸರಿಯೇ ಎಂದರು.

ಭಾಷೆಯ ಪ್ರಶ್ನೆ ಬಂತು. ನನ್ನದೂ ಬೋನಿಯದೂ ಕೊಂಕಣಿ, ಹಮೀದನದು ಬ್ಯಾರಿ, ಮೂವರೂ ಮಾತಾಡುವುದು ತುಳು. ಆದರೆ ಬರೆಯಲು ಕೂತರೆ ಮೂವರಿಗೂ ಬರುವುದು ಕನ್ನಡ ಒಂದೇ. ಶಾಲೆಯಲ್ಲಿ ಬೆತ್ತದ ಪೆಟ್ಟು ತಿಂದು ಕಲಿತದ್ದು ಹಾಗೆಲ್ಲ ಬಿಟ್ಟು ಹೋಗುವುದಿಲ್ಲ. ಹೀಗೆ ನಮ್ಮ ಹಾಡು ಕನ್ನಡದಲ್ಲಿ ಹುಟ್ಟಿತು:

ಸಾಹೇಬ್ರು ಇದ್ದಾರಾ? ಇಲ್ಲ.
ಮ್ಯಾನೇಜರು ಬಂದ್ರಾ? ಇಲ್ಲ.
ಊರಿಗೆ ರಜೆ ಸಿಕ್ತಾ? ಇಲ್ಲ.
ಇಲ್ಲ ಅಂದ್ರೆ ಇಲ್ಲ, ಇಲ್ಲ ಅಂದ್ರೆ ಇಲ್ಲ.

ಇದನ್ನು ಹಾಡು ಎನ್ನಬಹುದೇ ಎಂದು ನೀವು ಕೇಳಬಹುದು. ಆದರೆ ಮೊದಲ ಸಲ 'ಇಲ್ಲ' ಎಂದು ಹೊಟ್ಟೆಯಿಂದ ಕೂಗಿದಾಗ, ಆ ಗಂಟಲಲ್ಲಿ ಸಿಕ್ಕಿಕೊಂಡದ್ದು ಏನಿತ್ತೋ, ಅದು ಹೊರಗೆ ಬಂತು. ಜೇನು ಅದ್ದದ ನನ್ನ ಸ್ವರ ಎಷ್ಟು ದೊಡ್ಡದು ಎಂದು ನನಗೇ ಆವತ್ತು ಗೊತ್ತಾಯಿತು. ಬೋನಿ ಬಾರಿಸುವುದನ್ನು ನಿಲ್ಲಿಸಿ ನೋಡಿದ. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನು?" ಎಂದ. ನಾಚಿಕೆಯಾಗಿ ನಾನು ವೆಲ್ವೆಟ್ಟಿನ ಥಾನನ್ನು ಕೈಯಿಂದ ಸವರುತ್ತ ಕೂತೆ. ಆ ವೆಲ್ವೆಟ್ಟು ನೀಲಿ ಬಣ್ಣದ್ದು.

ಟು-ಇನ್-ಒನ್ ಎನ್ನುವ ರೇಡಿಯೋ-ಟೇಪಿನಲ್ಲಿ ಹಾಡು ತುಂಬಿಸಿದೆವು. ನೈಫಿನ ಸೂಕ್ ಮಾರುಕಟ್ಟೆಯಿಂದ ಖಾಲಿ ಕ್ಯಾಸೆಟ್ಟು ತಂದು, ಎರಡು ಬಾಯಿಯ ಟೇಪ್‌ರೆಕಾರ್ಡರಿನಲ್ಲಿ ಒಂದೊಂದಾಗಿ ಪ್ರತಿ ಮಾಡಿದೆವು. ಕವರಿಗೆ ಹೊಸ ಅಂಗಿಯೊಳಗೆ ಇಡುವ ರಟ್ಟು ಬಂತು, ಹಮೀದನಲ್ಲಿ ಅದಕ್ಕೇನು ಬರ. ಚಿತ್ರ ಬರೆಯಲು ಯಾರಿಗೂ ಬರುವುದಿಲ್ಲ. ಆಗ ಬೋನಿ ಹೋಟೆಲಿನಿಂದ ನಾಲ್ಕು ಬೆಂಡೆಕಾಯಿ ತಂದ. ನೀವೂ ಶಾಲೆಯಲ್ಲಿ ಮಾಡಿರುತ್ತೀರಿ, ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಶಾಯಿಯಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂವು. ಅಂಗಡಿಯ ನೇರಳೆ ಸ್ಟ್ಯಾಂಪ್ ಶಾಯಿಯಲ್ಲಿ ಒತ್ತಿದೆವು. ಲಂಡನ್ನಿನ ಹುಡುಗರು ಕವರಿನ ಮೇಲೆ ಹರಿದ ಮುಖ ಹಾಕಿದ್ದರು. ನಾವು ಹೂವು ಹಾಕಿದೆವು. ಆ ಹೂವು ನೋಡಿ ಒಳಗೆ ಭಕ್ತಿಗೀತೆ ಇದೆ ಎಂದು ತಿಳಿದವರು ಬಹಳ.

ಹಾಗೆ ತಿಳಿದವರಲ್ಲಿ ನನ್ನ ಅಮ್ಮನೂ ಒಬ್ಬಳು. ಆಗ ಗಲ್ಫಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಕಳಿಸುವ ಕ್ರಮವಿತ್ತು. ಊರಿಗೆ ಹೊರಟವರ ಕೈಯಲ್ಲಿ ನಾನು ಕಳಿಸಿದ ಕ್ಯಾಸೆಟ್ಟನ್ನು ಅಮ್ಮ ಅಂಥದ್ದೇ ಎಂದು ಭಾವಿಸಿ, ನೆರೆಕರೆಯವರನ್ನೆಲ್ಲ ಕರೆದು, ಚಾ ಕೊಟ್ಟು, ಟೇಪು ಹಾಕಿದಳು. ಮಗಳ ಪ್ರೀತಿಯ ಮಾತು ಕೇಳಲು ಕೂತವರಿಗೆ ಡಬ್ಬಿ ಬಡಿಯುವ ಸದ್ದಿನ ನಡುವೆ ಮಗಳು "ಇಲ್ಲ, ಇಲ್ಲ" ಎಂದು ಕಿರುಚುವುದು ಕೇಳಿಸಿತು.

ಮಾರನೆಯ ದಿನ ಹೋಟೆಲಿಗೆ ಫೋನು. ಬೋರ್ಡಿನಲ್ಲಿ ಕೂತಿದ್ದವಳು ನಾನೇ. ಜೇನಿನ ಸ್ವರದಲ್ಲಿ "ಗುಡ್ ಆಫ್ಟರ್‌ನೂನ್" ಎಂದೆ. ಆ ಕಡೆಯಿಂದ ಅಮ್ಮ, ಯಾರೋ ಕಲಿಸಿಕೊಟ್ಟ ಇಂಗ್ಲಿಷಿನಲ್ಲಿ, "ಐ ವಾಂಟ್ ಗ್ಲಾಡಿಸ್. ಶಿ ಇಸ್ ಮೈ ಡಾಟರ್" ಎಂದಳು. "ಅಮ್ಮಾ, ನಾನೇ" ಎಂದರೂ ನಂಬಲಿಲ್ಲ. "ನೀವು ಯಾರು ಬಾಯಿ? ನನ್ನ ಮಗಳಿಗೆ ಯಾರು ಹೊಡೆಯುತ್ತಿದ್ದಾರೆ? ಅವಳನ್ನು ಕರೆಯಿರಿ" ಎಂದು ಕೊಂಕಣಿಯಲ್ಲಿ ಅಳತೊಡಗಿದಳು. ಹೆತ್ತವಳಿಗೂ ಗುರುತು ಸಿಗದಷ್ಟು ನಯವಾಗಿತ್ತು ನನ್ನ ಕೆಲಸದ ಸ್ವರ. ಆಮೇಲೆ ಅಮ್ಮ ಆ ಕ್ಯಾಸೆಟ್ಟಿನ ಮೇಲೆಯೇ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ, ತುಂಬಿಸಿ ಅದನ್ನು ಪಾವನ ಮಾಡಿದಳು.

'ಮಾಫಿ' ಹೆಚ್ಚು ಕಾಲ ಉಳಿಯಲಿಲ್ಲ. ಬೋನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ಶುಕ್ರವಾರ ಗೋದಾಮಿನಲ್ಲಿ ಅವನು ಬಾರಿಸಲಿಲ್ಲ, ನಾನು ಹಾಡಲಿಲ್ಲ. ಅವನು ಏನೋ ಹೇಳುತ್ತಾನೆ ಎಂದು ನಾನು ಕಾದೆ. ನಾನು ಏನೋ ಹೇಳುತ್ತೇನೆ ಎಂದು ಅವನೂ ಕಾದನೋ ಏನೋ. ಹಮೀದ್ ಮೂವರಿಗೂ ಚಾ ತಂದ. ಅದನ್ನು ಕುಡಿದು ಎದ್ದೆವು. ಸ್ವಲ್ಪ ಕಾಲ ಬೇರೆ ಬೇರೆ ಬಂದರುಗಳಿಂದ ಬಣ್ಣದ ಕಾರ್ಡುಗಳು ಬಂದವು, ಆಮೇಲೆ ನಿಂತವು. ಎಲಿಯಾಸರಂಥ ಒಳ್ಳೆಯ ಗಂಡ ಸಿಕ್ಕಿದ್ದಾರೆ, ದೂರುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಆದರೂ ಬಟ್ಟೆ ಅಂಗಡಿಗೆ ಹೋದರೆ ಇವತ್ತಿಗೂ ವೆಲ್ವೆಟ್ಟಿನ ಥಾನಿನ ಹತ್ತಿರ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೆಲವು ವರ್ಷಗಳ ಹಿಂದೆ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಬಿಳಿ ಕೂದಲಿನ ಬೋನಿ, ಕೆಳಗೆ ಹುಟ್ಟಿದ ದಿನ, ತೀರಿಕೊಂಡ ದಿನ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ದರು. ನಾನೂ ಹಾಕಿದೆ.

ಇಷ್ಟು ಕೇಳಿದ ಮೇಲೆ ಶೆರಿಲ್ ಬಿಡಲಿಲ್ಲ. "ಕ್ಯಾಸೆಟ್ ಎಲ್ಲಿ?" ಎಂದಳು. ನನ್ನದು ಕರಾಮಾದಿಂದ ಶಾರ್ಜಾಕ್ಕೆ, ಶಾರ್ಜಾದಿಂದ ಇಲ್ಲಿಗೆ ಮನೆ ಬದಲಿಸುವಾಗ ಎಲ್ಲೋ ಕಳೆದಿದೆ. "ಹಮೀದ್ ಅಂಕಲ್ ಹತ್ತಿರ ಇರಬಹುದು" ಎಂದು ಅವಳೇ ಹುಡುಕಿದಳು. ಉಳ್ಳಾಲದವರೊಬ್ಬರಿಂದ ಇನ್ನೊಬ್ಬರಿಗೆ ದಾಟಿ ನಂಬರು ಸಿಕ್ಕಿತು. ಅವನು ಅಬುಧಾಬಿಯ ಬನಿಯಾಸ್‌ನಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದಾನೆ. ಇಷ್ಟು ಹತ್ತಿರ ಇದ್ದೂ ನಾವು ಇಷ್ಟು ವರ್ಷ ಭೇಟಿಯಾಗಿರಲಿಲ್ಲ. ಗಲ್ಫಿನಲ್ಲಿ ಹೀಗೆಯೇ. ಊರಿನ ಮದುವೆಯಲ್ಲಿ ಸಿಗುವವರು ಪಕ್ಕದ ರಸ್ತೆಯಲ್ಲಿ ಸಿಗುವುದಿಲ್ಲ.

ಕಳೆದ ಭಾನುವಾರ ಮಗಳು ಕಾರಿನಲ್ಲಿ ಅವನ ಮನೆಗೆ ಕರೆದುಕೊಂಡು ಹೋದಳು. ಬಾಗಿಲು ತೆರೆದವನಿಗೆ ಬಿಳಿ ಗಡ್ಡ, ಹಣೆಯಲ್ಲಿ ನಮಾಜಿನ ಗುರುತು. "ಗ್ಲಾಡಿಸ್ ಬಾಯಿ," ಎಂದ ಹಮೀದ್, "ನೀನು ದಪ್ಪ ಆಗಿದ್ದಿ."

"ನೀನು ಮುದುಕ ಆಗಿದ್ದಿ" ಎಂದೆ. ಒಳಗೆ ಹೋಗಿ ಕೂತೆವು. ಅವನ ಹೆಂಡತಿ ಜೊಹರಾ ಅಡುಗೆಮನೆಯಲ್ಲಿದ್ದರು. ಅವರ ಮದುವೆಯ ಹೊತ್ತಿಗೆ 'ಮಾಫಿ' ಮುಗಿದಿತ್ತು, ಹಾಗಾಗಿ ನಾನು ಅವರನ್ನು ನೋಡಿರಲಿಲ್ಲ.

"ಬೋನಿಯ ಸುದ್ದಿ ಕೇಳಿದೆ" ಎಂದು ಹಮೀದ್ ತಗ್ಗಿದ ಸ್ವರದಲ್ಲಿ ಹೇಳಿದ. ನಾನು ತಲೆಯಾಡಿಸಿದೆ. ಆ ಮಾತು ಅಲ್ಲಿಗೇ ನಿಂತಿತು. ಕ್ಯಾಸೆಟ್ಟು ಅವನಲ್ಲೂ ಇರಲಿಲ್ಲ. ಮಾವ ಗೋದಾಮು ಖಾಲಿ ಮಾಡಿದಾಗ ಸೂಟ್‌ಕೇಸಿನ ಜೊತೆ ಅದೂ ಹೋಯಿತಂತೆ. "ಒಂದನ್ನು ಇವಳಿಗೆ ಕಳಿಸಿದ್ದೆ, ನಿಶ್ಚಯ ಆದ ಹೊಸತರಲ್ಲಿ" ಎಂದು ಅಡುಗೆಮನೆಯ ಕಡೆ ತಲೆ ತಿರುಗಿಸಿ ನಕ್ಕ. "ನಾನು ಬಾರಿಸುತ್ತೇನೆ ಅಂತ ತೋರಿಸಬೇಕಲ್ಲ. ಇವಳು ಅದರ ಮಾತೇ ಎತ್ತಲಿಲ್ಲ. ಬಹುಶಃ ಕೇಳಿ ಹೆದರಿ ಬಿಸಾಡಿರಬೇಕು. ನಾನೂ ನಾಚಿಕೆಯಿಂದ ಕೇಳಲಿಲ್ಲ."

ಅಕ್ಕಿ ರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರಿನ ಪಾತ್ರೆ ಹಿಡಿದು ಬಂದ ಜೊಹರಾ ಬಾಗಿಲಲ್ಲೇ ನಿಂತರು. ಪಾತ್ರೆ ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

"ಆ ಕೂಗಿದ ಹುಡುಗಿ ನೀವಾ ಬಾಯಿ?"

"ಹೌದು" ಎಂದೆ. ಈ ವಯಸ್ಸಿನಲ್ಲಿ ಹುಡುಗಿ ಎನಿಸಿಕೊಂಡದ್ದಕ್ಕೆ ಸ್ವಲ್ಪ ಖುಷಿಯೂ ಆಯಿತು.

ಜೊಹರಾ ಕುರ್ಚಿ ಎಳೆದು ಕೂತರು. ಹೂವಿನ ಚಿತ್ರ ನೋಡಿ ಅವರ ಉಪ್ಪ, ಅಂದರೆ ತಂದೆ, ಅದು ದೇವರ ಹಾಡೇ ಎಂದು ಮಗಳ ಕೈಗೆ ಕೊಟ್ಟರಂತೆ. ಮನೆಯಲ್ಲಿ ಎಲ್ಲರೂ ಮಧ್ಯಾಹ್ನ ಮಲಗಿದಾಗ, ಟು-ಇನ್-ಒನ್ನಿಗೆ ಕಿವಿ ಹಚ್ಚಿ, ಸಣ್ಣ ಸ್ವರದಲ್ಲಿಟ್ಟು ಕೇಳುತ್ತಿದ್ದರಂತೆ. "ಮೊದಲು ನಗು ಬಂತು. ಮತ್ತೆ ದಿನಾ ಕೇಳಿದೆ. ಹೆಂಗಸರು ಅಷ್ಟು ಜೋರಾಗಿ 'ಇಲ್ಲ' ಹೇಳುದನ್ನು ನಾನು ಅಲ್ಲಿವರೆಗೆ ಕೇಳಿರ್ಲಿಲ್ಲ." ಅವರು ಆಗ ಪಿಯುಸಿ ಎರಡನೇ ವರ್ಷ. ಪರೀಕ್ಷೆಗೆ ಮೊದಲೇ ಮದುವೆ ಎಂದು ಹಿರಿಯರು ದಿನ ಹಿಡಿದಿದ್ದರು. "ಒಂದು ದಿನ ಉಪ್ಪ ಊಟಕ್ಕೆ ಕೂತಾಗ ಹೇಳಿದೆ. ಪರೀಕ್ಷೆ ಆಗ್ಲಿ, ಅಷ್ಟರವರೆಗೆ ಇಲ್ಲ ಅಂದ್ರೆ ಇಲ್ಲ. ಅದೇ ಸ್ವರದಲ್ಲಿ. ಉಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು."

ಹಮೀದ್ ಹೆಂಡತಿಯನ್ನೇ ನೋಡುತ್ತಿದ್ದ. "ಹೆಣ್ಣಿನ ಕಡೆಯವರು ದಿನ ಮುಂದೆ ಹಾಕಿದ್ದಾರೆ ಅಂತ ನನಗೆ ಕಾಗದ ಬಂದಿತ್ತು" ಎಂದ. "ನಿನಗೆ ನಾನು ಇಷ್ಟ ಇಲ್ಲ ಅಂತ ಎಷ್ಟು ಬೇಜಾರು ಮಾಡಿಕೊಂಡಿದ್ದೆ ಗೊತ್ತುಂಟಾ? ಅದು ನನ್ನ ಕ್ಯಾಸೆಟ್ಟಿನಿಂದ ಆದದ್ದಾ?"

"ನಿಮ್ಮ ಡಬ್ಬಿಯಿಂದ ಅಲ್ಲ. ಇವರ ಸ್ವರದಿಂದ" ಎಂದರು ಜೊಹರಾ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಾನು ಬರುವಾಗ ನೀವು ಗಡ್ಡ ಬಿಟ್ಟು, ಹಾಡು ತಾಳ ಎಲ್ಲ ಬಿಟ್ಟಿದ್ದಿರಿ. ನೆನಪು ಮಾಡಿದರೆ ನಿಮಗೆ ಬೇಜಾರಾದೀತು ಅಂತ."

ಕ್ಯಾಸೆಟ್ಟು ತವರಿನಲ್ಲಿ ಮಳೆಗಾಲದ ಬೂಸ್ಟು ಹಿಡಿದು ಹೋಯಿತಂತೆ. ಆದರೆ ಹಾಡು ಅವರಿಗೆ ಪೂರ್ತಿ ಬರುತ್ತದೆ. ಶೆರಿಲ್ ಅರ್ಧಂಬರ್ಧ ಕನ್ನಡದಲ್ಲಿ, "ಆಂಟಿ, ಸ್ವಲ್ಪ ಹಾಡ್ತೀರಾ?" ಎಂದು ಕೇಳಿದಳು. ಜೊಹರಾ ಗಂಡನ ಮುಖ ನೋಡಿದರು. ಹಮೀದನ ಬೆರಳುಗಳು ಮೇಜಿನ ಅಂಚಿನ ಮೇಲೆ ನಿಧಾನವಾಗಿ ಬಡಿಯತೊಡಗಿದವು.

ಜೊಹರಾ ಕೂಗಲಿಲ್ಲ. ಮಗುವನ್ನು ಮಲಗಿಸುವವರ ಹಾಗೆ ಮೆಲ್ಲನೆ ಹಾಡಿದರು. ಮೊದಲ ಎರಡು ನುಡಿಗೆ ನಾನೂ ತುಟಿ ಅಲ್ಲಾಡಿಸಿದೆ. ಮೂರನೆಯದು ಬಂದಾಗ ಸುಮ್ಮನಾದೆ. ಅದು ಬೋನಿ ಬರೆದದ್ದು. ಅಂಥದ್ದೊಂದು ಇತ್ತು ಎಂಬುದೇ ನನಗೆ ಮರೆತಿತ್ತು.

ಹಾಡು ಚಂದ ಉಂಟಾ? ಇಲ್ಲ.
ತಾಳ ಸರಿ ಉಂಟಾ? ಇಲ್ಲ.
ನಿಲ್ಲಿಸಿ ಬಿಡುವಾ? ಇಲ್ಲ.
ಇಲ್ಲ ಅಂದ್ರೆ ಇಲ್ಲ, ಇಲ್ಲ ಅಂದ್ರೆ ಇಲ್ಲ.

ಶೆರಿಲ್ ರೆಕಾರ್ಡ್ ಮಾಡಲೆಂದು ತೆಗೆದ ಫೋನು ಅವಳ ಮಡಿಲಲ್ಲೇ ಇತ್ತು, ಒತ್ತುವುದನ್ನು ಮರೆತಿದ್ದಳು. ನಾನು ನೀರು ಕುಡಿದೆ. ಜೊಹರಾ ಬಟ್ಟಲುಗಳನ್ನು ಮುಂದಕ್ಕೆ ಸರಿಸುತ್ತ, ಬಹಳ ದಿನದಿಂದ ಕೇಳಬೇಕೆಂದಿದ್ದದ್ದು ಎನ್ನುವ ಹಾಗೆ ಕೇಳಿದರು:

"ಆ ಹಾಡಿನ ನಡುವೆ ಒಬ್ಬರು ಕೆಮ್ಮುತ್ತಾರಲ್ಲ, ಗಿಟಾರ್ ನಿಲ್ಲುವಾಗ? ಅದು ಯಾರು?"

"ಬೋನಿ" ಎಂದು ಹಮೀದನೂ ನಾನೂ ಒಟ್ಟಿಗೇ ಹೇಳಿದೆವು.

"ಕೇಳುವಾಗೆಲ್ಲ ಪಾಪ ಅನಿಸ್ತಿತ್ತು. ಊರು ಬಿಟ್ಟು ಬಂದ ಹುಡುಗ, ಕಷಾಯ ಮಾಡಿ ಕೊಡುವವರು ಇದ್ದಾರೋ ಇಲ್ಲವೋ ಅಂತ. ನಾನು ದುವಾ ಮಾಡುವಾಗ ಅವರನ್ನೂ ಸೇರಿಸ್ತಿದ್ದೆ. ಗುಣ ಆಯ್ತಾ ಮತ್ತೆ ಅವರಿಗೆ?"

ಹಮೀದ್ ನನ್ನನ್ನು ನೋಡಿದ.

"ಆಯ್ತು" ಎಂದೆ. "ಅದು ಬಟ್ಟೆಯ ಧೂಳಿಗೆ ಬರುತ್ತಿದ್ದ ಕೆಮ್ಮು. ಹೊರಗೆ ಬಿಸಿಲಿಗೆ ಬಂದ ಕೂಡಲೇ ನಿಲ್ಲುತ್ತಿತ್ತು."

"ಅಲ್‌ಹಮ್ದುಲಿಲ್ಲಾ" ಎಂದು ಜೊಹರಾ ನನ್ನ ಬಟ್ಟಲಿಗೆ ಇನ್ನೊಂದು ಪತ್ತಿರ್ ಹಾಕಿದರು.